ಹನ್ನೆರಡು ಗಂಟೆಯ ನೆರಳು

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಯಾವುದಾದರೂ ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟು, ಸುತ್ತ ನಿಂತ ಆರನೇ ತರಗತಿಯ ಮಕ್ಕಳನ್ನು ‘ಇದರ ನೆರಳು ಅತಿ ಗಿಡ್ಡ ಆಗುವುದು ಎಷ್ಟು ಗಂಟೆಗೆ?’ ಎಂದು ಕೇಳಿದರೆ ಉತ್ತರ ಒಕ್ಕೊರಲಿನಲ್ಲಿ ಬರುತ್ತದೆ: ಹನ್ನೆರಡಕ್ಕೆ. ಆಗ ಸೂರ್ಯ ಎಲ್ಲಿರುತ್ತಾನೆ? ನೆತ್ತಿಯ ಮೇಲೆ. ಪ್ರತಿದಿನವೂ? ಪ್ರತಿದಿನವೂ. ನೆರಳು ಯಾವ ಕಡೆಗೆ ಬೀಳುತ್ತದೆ? ಇಲ್ಲಿ ದನಿಗಳು ಒಡೆಯುತ್ತವೆ. ಓದಿಕೊಂಡ ಒಬ್ಬಿಬ್ಬರು ‘ಉತ್ತರಕ್ಕೆ’ ಎನ್ನಬಹುದು. ಇಷ್ಟನ್ನೂ ಅವರವರ ಪುಸ್ತಕದಲ್ಲಿ ಬರೆಸಿ, 11:45ರಿಂದ 1 ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೊಂದು ಕಲ್ಲು ಇಡಿಸುತ್ತಾ ಹೋದರೆ, ಹನ್ನೆರಡು ಹೊಡೆದ ಮೇಲೂ ನೆರಳು ಕುಗ್ಗುತ್ತಲೇ ಇರುತ್ತದೆ. ನವೆಂಬರ್ ಮೊದಲ ವಾರವಾದರೆ ಅದು ಅತಿ ಗಿಡ್ಡವಾಗುವುದು 12:10ರ ಸುಮಾರಿಗೆ, ಫೆಬ್ರುವರಿ ಎರಡನೇ ವಾರವಾದರೆ 12:40ಕ್ಕೆ. ವರ್ಷದ ಸರಾಸರಿ ಹಿಡಿದರೆ 12:26. ಸರಿಯಾಗಿ ಹನ್ನೆರಡಕ್ಕೆ ಅದು ಗಿಡ್ಡವಾಗುವ ದಿನ ದಾವಣಗೆರೆಯ ಇಡೀ ವರ್ಷದಲ್ಲಿ ಒಂದೂ ಇಲ್ಲ. ನೆತ್ತಿಯ ಮೇಲಿನ ಸೂರ್ಯನ ಕತೆಯೂ ಹೀಗೆಯೇ. ಏಪ್ರಿಲ್ 29ರ ಆಸುಪಾಸಿನ ಒಂದು ದಿನ, ಆಗಸ್ಟ್ 13ರ ಆಸುಪಾಸಿನ ಒಂದು ದಿನ ಬಿಟ್ಟರೆ ಅವನು ನಮ್ಮ ನೆತ್ತಿಗೆ ಸರಿಯಾಗಿ ಬರುವುದೇ ಇಲ್ಲ. ಆ ಎರಡು ದಿನಗಳ ನಡುವಿನ ಮೂರೂವರೆ ತಿಂಗಳು ಮಧ್ಯಾಹ್ನದ ನೆರಳು ಬೀಳುವುದು ದಕ್ಷಿಣಕ್ಕೆ. ಜೂನ್ 21ರಂದು ಮೀಟರ್ ಕೋಲಿಗೆ ಸುಮಾರು 16 ಸೆಂಟಿಮೀಟರ್ ನೆರಳು, ದಕ್ಷಿಣಕ್ಕೆ. ಡಿಸೆಂಬರ್ 22ರಂದು ಸುಮಾರು 78 ಸೆಂಟಿಮೀಟರ್, ಉತ್ತರಕ್ಕೆ.

ಕಾರಣ ಕಷ್ಟದ್ದೇನಲ್ಲ. ನಮ್ಮ ಗಡಿಯಾರ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತದೆ. ದಾವಣಗೆರೆ ಇರುವುದು ಸುಮಾರು 76 ಡಿಗ್ರಿಯಲ್ಲಿ. ಒಂದು ಡಿಗ್ರಿ ತಿರುಗಲು ಭೂಮಿಗೆ ನಾಲ್ಕು ನಿಮಿಷ ಬೇಕು. ಆರೂವರೆ ಡಿಗ್ರಿಗೆ ಇಪ್ಪತ್ತಾರು ನಿಮಿಷ. ಈ ಕಾರಣವನ್ನು ಎರಡು ನಿಮಿಷದಲ್ಲಿ ಬೋರ್ಡಿನ ಮೇಲೆ ಬರೆದು ಮುಗಿಸಬಹುದು, ಮಕ್ಕಳೂ ಬರೆದುಕೊಂಡು ಮುಗಿಸುತ್ತಾರೆ. ಆದರೆ ಕಲ್ಲು ಇಟ್ಟು ನೋಡಿದ ಮಕ್ಕಳಿಗೆ ಅದೇ ಕಾರಣ ಬೇರೆ ತೂಕದಲ್ಲಿ ಬಂದು ಕೂರುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ ಅದು ಅವರಿಗೆ ಬೇಕಾಗಿರುತ್ತದೆ. ತಾನೇ ಬರೆದಿಟ್ಟ ‘ಹನ್ನೆರಡು’ ತಪ್ಪಾಗಿದೆ, ಪಕ್ಕದವನದೂ ತಪ್ಪಾಗಿದೆ, ಗಡಿಯಾರ ಕೆಟ್ಟಿದೆಯೇ, ಕೋಲು ವಾಲಿದೆಯೇ ಎಂದು ನೋಡಿಯಾಗಿದೆ. ಅನ್ವೇಷಣೆಯ ಮೂಲಕ ವಿಜ್ಞಾನ ಕಲಿಸುವುದು ಎಂದು ಶಿಕ್ಷಣ ತಜ್ಞರು ಹೇಳುವುದರ ಜೀವಾಳ ಈ ಕ್ರಮದಲ್ಲಿದೆ. ಮೊದಲು ಊಹೆ, ಅದನ್ನು ಹಿಂತೆಗೆಯದಂತೆ ಬರೆದಿಡುವುದು, ಆಮೇಲೆ ಕಣ್ಣಾರೆ ನೋಡುವುದು, ನೋಡಿದ್ದಕ್ಕೂ ಊಹೆಗೂ ಯಾಕೆ ತಾಳೆಯಾಗಲಿಲ್ಲ ಎಂದು ವಾದಿಸುವುದು, ಕೊನೆಗೆ ಮೇಷ್ಟ್ರ ವಿವರಣೆ. ಉತ್ತರ ಬರಲೇಬೇಕು, ಆದರೆ ಸ್ವಲ್ಪ ತಡವಾಗಿ. ಎಷ್ಟು ತಡವಾಗಿ ಎಂದು ಅಳೆಯುವುದೇ ಈ ಕಸುಬಿನ ನಾಜೂಕು.

ಹೀಗೆಂದ ಕೂಡಲೇ ‘ನಮ್ಮಲ್ಲಿ ಚಟುವಟಿಕೆ ಮಾಡಿಸುತ್ತೇವಲ್ಲ’ ಎನ್ನುವವರಿದ್ದಾರೆ. ಮಾಡಿಸುತ್ತಾರೆ, ನಿಜ. ಆದರೆ ನಮ್ಮ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕವೊಂದನ್ನು ತೆರೆದು ನೋಡಿದರೆ ಉದ್ದೇಶ, ಬೇಕಾದ ಸಾಮಗ್ರಿ, ವಿಧಾನ, ವೀಕ್ಷಣೆ, ನಿರ್ಣಯ ಎಂಬ ಐದು ತಲೆಬರಹಗಳ ಕೆಳಗೆ ಒಂದೇ ಬಣ್ಣದ ಶಾಯಿಯಲ್ಲಿ, ಒಂದೇ ಕೂತಲ್ಲಿ ಬರೆದ ಸಾಲುಗಳು ಕಾಣುತ್ತವೆ. ಲಿಟ್ಮಸ್ ಕಾಗದ ನಿಂಬೆರಸಕ್ಕೆ ತಾಗುವ ಮೊದಲೇ ಕೆಂಪಾಗಿರುತ್ತದೆ. ಈರುಳ್ಳಿ ಸಿಪ್ಪೆಯ ಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಕಂಡಂತೆ ಬಿಡಿಸಿದವರು ಕಡಿಮೆ, ಪುಸ್ತಕದಲ್ಲಿದ್ದಂತೆ ಬಿಡಿಸಿದವರೇ ಹೆಚ್ಚು. ಯಾಕೆಂದರೆ ಕಂಡದ್ದು ಪುಸ್ತಕದಷ್ಟು ಚೆನ್ನಾಗಿರುವುದಿಲ್ಲ, ಅಂಕ ಸಿಗುವುದು ಚೆನ್ನಾಗಿರುವುದಕ್ಕೆ. ಕೈ ಓಡುತ್ತದೆ, ತಲೆ ಬೆಂಚಿನ ಮೇಲೆಯೇ ಕೂತಿರುತ್ತದೆ. ಅಡುಗೆ ಪುಸ್ತಕ ಮುಂದಿಟ್ಟುಕೊಂಡು ಉಪ್ಪಿಟ್ಟು ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ, ಉಪ್ಪಿಟ್ಟಾದರೂ ತಿನ್ನಲು ಸಿಗುತ್ತದೆ. ಪ್ರಯೋಗಾಲಯ, ಕಿಟ್, ಮಾದರಿ, ವಿಜ್ಞಾನ ಮೇಳ ಇವೆಲ್ಲ ಇದ್ದೂ ಅನ್ವೇಷಣೆ ಇಲ್ಲದಿರಬಹುದು. ಒಂದು ಕೋಲು, ಹದಿನಾರು ಕಲ್ಲುಗಳಿಂದ ಅದು ಇರಲೂಬಹುದು.

ತಪ್ಪು ಊಹೆಯನ್ನು ಹೊರಗೆಳೆಯದೆ ಸರಿ ಉತ್ತರವನ್ನು ಮೇಲೆ ಹೊದಿಸಿದರೆ ಏನಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ಸಾಕ್ಷ್ಯವೊಂದು 1987ರಲ್ಲಿ ತಯಾರಾದ ‘ಎ ಪ್ರೈವೇಟ್ ಯೂನಿವರ್ಸ್’ ಎಂಬ ಸಾಕ್ಷ್ಯಚಿತ್ರದಲ್ಲಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ಪ್ರದಾನದ ದಿನ ಗೌನು ತೊಟ್ಟು ನಿಂತ ಪದವೀಧರರು, ಅಧ್ಯಾಪಕರು ಮೊದಲಾದ 23 ಜನರನ್ನು ಋತುಗಳು ಏಕೆ ಬದಲಾಗುತ್ತವೆ, ಚಂದ್ರನ ಕಲೆಗಳು ಏಕೆ ಎಂದು ಕೇಳಲಾಯಿತು. 21 ಜನರಿಗೆ ಸರಿಯಾದ ವಿವರಣೆ ಬರಲಿಲ್ಲ. ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಬರುತ್ತದೆ ಎಂದು ಅವರಲ್ಲಿ ಹಲವರು ಆತ್ಮವಿಶ್ವಾಸದಿಂದ ಹೇಳಿದರು. ಒಲೆಯ ಹತ್ತಿರ ಹೋದರೆ ಬಿಸಿ ಎಂಬುದು ಮೂರು ವರ್ಷದ ಮಗುವಿಗೂ ಗೊತ್ತು. ಆ ಅನುಭವದಿಂದ ಹುಟ್ಟಿದ ಊಹೆ ಅಷ್ಟೆಲ್ಲ ಪಾಠಗಳ ಅಡಿಯಲ್ಲಿ ಹದಿನಾರು ವರ್ಷ ಅಲುಗಾಡದೆ ಕೂತಿತ್ತು. ವಾಸ್ತವದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರ, ನಮ್ಮೂರಿನಲ್ಲಿ ಬೆಳಗಿನ ಹೊತ್ತು ಸ್ವೆಟರ್ ಹುಡುಕುವ ಕಾಲಕ್ಕೆ. ಹಾರ್ವರ್ಡಿನವರನ್ನು ನೋಡಿ ನಗುವ ಮುನ್ನ ನಮ್ಮ ಗ್ರಹಣದ ದಿನಗಳನ್ನು ನೆನೆಯಬೇಕು. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿರುವ ಚಿತ್ರವನ್ನು ಕರ್ನಾಟಕದಲ್ಲಿ ಶಾಲೆಗೆ ಹೋದ ಎಲ್ಲರೂ ಬಿಡಿಸಿದ್ದಾರೆ, ಅಂಕವನ್ನೂ ಪಡೆದಿದ್ದಾರೆ. ಆದರೂ 2019ರ ಡಿಸೆಂಬರ್ 26ರ ಬೆಳಿಗ್ಗೆ, ಕಾಸರಗೋಡಿನ ಚೆರುವತ್ತೂರಿನಲ್ಲಿ ಜನ ಸೇರಿ ಕಂಕಣ ಗ್ರಹಣ ನೋಡುತ್ತಿದ್ದ ಅದೇ ಹೊತ್ತಿನಲ್ಲಿ, ರಾಜ್ಯದ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ, ನೀರಿನ ಪಾತ್ರೆಗೆ ದರ್ಭೆ ಬಿತ್ತು. ಕಲಬುರಗಿ ಕಡೆ ಅಂಗವಿಕಲ ಮಕ್ಕಳನ್ನು ಗುಣವಾದೀತೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿ ಬಂತು. ಚಿತ್ರ ಒಂದು ಖಾನೆಯಲ್ಲಿ, ನಂಬಿಕೆ ಇನ್ನೊಂದು ಖಾನೆಯಲ್ಲಿ. ಎರಡನ್ನೂ ಎದುರುಬದುರು ಕೂರಿಸುವ ಕೆಲಸವನ್ನು ಶಾಲೆ ಮಾಡಿರಲಿಲ್ಲ.

ಹಾಗಾದರೆ ಮಕ್ಕಳನ್ನು ಬಿಟ್ಟುಬಿಟ್ಟರೆ ಅವರೇ ಎಲ್ಲವನ್ನೂ ಕಂಡುಹಿಡಿಯುತ್ತಾರೆಯೇ? ಇಲ್ಲ. ಅನ್ವೇಷಣೆಯ ಪರವಾಗಿ ಮಾತನಾಡುವವರು ಅತಿ ಹೆಚ್ಚು ಎಡವಿರುವುದು ಇಲ್ಲಿಯೇ. ಬೆಲ್ಜಿಯಂ ಪ್ರಾಂತದ ವಾನ್ ಹೆಲ್ಮಾಂಟ್ ಎಂಬ ವೈದ್ಯನ ಪ್ರಯೋಗ ಇದಕ್ಕೆ ಒಳ್ಳೆಯ ಪಾಠ. ಗಿಡದ ಮೈ ಯಾವುದರಿಂದ ಆಗುತ್ತದೆ ಎಂದು ತಿಳಿಯಲು ಅವನು 200 ಪೌಂಡ್ ಒಣ ಮಣ್ಣು ತೂಗಿ ಕುಂಡಕ್ಕೆ ತುಂಬಿ, 5 ಪೌಂಡಿನ ವಿಲ್ಲೋ ಸಸಿ ನೆಟ್ಟು, ಐದು ವರ್ಷ ನೀರೆರೆದ. ಮರ 169 ಪೌಂಡ್ ಆಯಿತು. ಮಣ್ಣು ಕಳೆದುಕೊಂಡದ್ದು ಎರಡೇ ಔನ್ಸ್. ಮೆಕ್ಕೆಜೋಳ ಬೆಳೆಯುವ ದಾವಣಗೆರೆ ಜಿಲ್ಲೆಯಲ್ಲಿ ಗಿಡ ಮಣ್ಣು ತಿಂದು ಬೆಳೆಯುತ್ತದೆ ಎಂದು ನಂಬಿರುವ ಮಕ್ಕಳಿಗೆ ಈ ಎರಡು ಔನ್ಸಿನ ಕತೆ ಹೇಳಬೇಕು, ಅದಿರಲಿ. ಇಷ್ಟು ಶಿಸ್ತಿನ ಪ್ರಯೋಗ ಮಾಡಿ ಅವನು ತಲುಪಿದ ತೀರ್ಮಾನವೇನು? ಮರವೆಲ್ಲ ನೀರಿನಿಂದಲೇ ಆದದ್ದು ಎಂದು. ಅರ್ಧ ತಪ್ಪು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅವನ ಲೆಕ್ಕಕ್ಕೆ ಬರಲೇ ಇಲ್ಲ. ‘ಗ್ಯಾಸ್’ ಎಂಬ ಪದವನ್ನು ಜಗತ್ತಿಗೆ ಕೊಟ್ಟವನೇ ಅವನು, ಇದ್ದಿಲು ಸುಟ್ಟಾಗ ಬರುವ ಅದೇ ಅನಿಲವನ್ನು ಗುರುತಿಸಿದ್ದವನೂ ಅವನೇ! ಅಂಥವನಿಗೇ ಕೈಗೆ ಸಿಗದ್ದು ಏಳನೇ ತರಗತಿಯ ಮಗುವಿಗೆ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ತಾನಾಗಿ ಸಿಗುತ್ತದೆ ಎಂದುಕೊಳ್ಳುವುದು ಮಗುವಿಗೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ.

ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ಡೇವಿಡ್ ಕ್ಲಾರ್ ಮತ್ತು ಮಿಲೆನಾ ನಿಗಮ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು, ನಾಲ್ಕನೇ ತರಗತಿಯ ಮಕ್ಕಳು ಇಳಿಜಾರಿನಲ್ಲಿ ಚೆಂಡು ಉರುಳಿಸಿ, ಅದು ದೂರ ಹೋಗುವುದು ಯಾವುದರಿಂದ ಎಂದು ಪತ್ತೆಹಚ್ಚಬೇಕಿತ್ತು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಉಳಿದದ್ದನ್ನು ಹಾಗೆಯೇ ಇಡಬೇಕು ಎಂಬುದನ್ನು ನೇರವಾಗಿ ಕಲಿಸಿಕೊಟ್ಟ ಗುಂಪಿನಲ್ಲಿ ಶೇ 77ರಷ್ಟು ಮಕ್ಕಳು ಆ ವಿದ್ಯೆಯನ್ನು ಕೈವಶ ಮಾಡಿಕೊಂಡರು. ತಾವೇ ಕಂಡುಕೊಳ್ಳಲಿ ಎಂದು ಬಿಟ್ಟ ಗುಂಪಿನಲ್ಲಿ ಶೇ 23. ಲೂಯಿಸ್ ಆಲ್ಫಿಯೇರಿ ಮತ್ತು ಸಂಗಡಿಗರು 2011ರಲ್ಲಿ 164 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ನೆರವಿಲ್ಲದ ಅನ್ವೇಷಣೆಗಿಂತ ನೇರ ಬೋಧನೆಯೇ ಮೇಲು ಎಂದು ಕಂಡುಬಂತು. ಅನ್ವೇಷಣೆಯನ್ನು ವಿರೋಧಿಸುವವರ ವಾದ ಸಾಮಾನ್ಯವಾಗಿ ಇಷ್ಟಕ್ಕೆ ನಿಲ್ಲುತ್ತದೆ. ಆದರೆ ಅದೇ ವಿಶ್ಲೇಷಣೆಯ ದ್ವಿತೀಯಾರ್ಧ ಇನ್ನೊಂದು ಮಾತು ಹೇಳುತ್ತದೆ: ಶಿಕ್ಷಕರು ಪ್ರಶ್ನೆ ಕೊಟ್ಟು, ದಾರಿ ತಪ್ಪಿದಾಗ ತಿದ್ದಿ, ಯಾಕೆ ಹಾಗೆಂದು ಮಕ್ಕಳ ಬಾಯಲ್ಲೇ ಹೇಳಿಸಿ ನಡೆಸಿದ ಅನ್ವೇಷಣೆ ಉಳಿದ ಬಗೆಯ ಬೋಧನೆಗಳಿಗಿಂತ ಹೆಚ್ಚು ಫಲ ಕೊಟ್ಟಿದೆ. 2015ರ ಪಿಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯನ್ನೂ ವಿರೋಧಿಗಳು ಎತ್ತುತ್ತಾರೆ. ತಮ್ಮ ತರಗತಿಯಲ್ಲಿ ಪ್ರಯೋಗ, ಚರ್ಚೆ ಹೆಚ್ಚು ಎಂದ ವಿದ್ಯಾರ್ಥಿಗಳ ಅಂಕ ಬಹುತೇಕ ದೇಶಗಳಲ್ಲಿ ಕಡಿಮೆಯೇ ಇತ್ತು, ಶಿಕ್ಷಕರು ವಿವರಿಸಿ ಹೇಳುತ್ತಾರೆ ಎಂದವರದು ಹೆಚ್ಚಿತ್ತು. ಇದನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಆ ಪ್ರಶ್ನಾವಳಿ ಕೇಳಿದ್ದು ಎಷ್ಟು ಸಲ ಎಂದು, ಹೇಗೆ ಎಂದಲ್ಲ. ದಿನವೂ ಪ್ರಯೋಗ, ದಿನವೂ ಚರ್ಚೆ, ಕೊನೆಗೊಂದು ವಿವರಣೆ ಇಲ್ಲ ಎಂಬ ತರಗತಿಯೂ ಅದೇ ಲೆಕ್ಕಕ್ಕೆ ಬಂತು. ಅಂಥ ತರಗತಿಗಿಂತ ಚೆನ್ನಾಗಿ ಪಾಠ ಹೇಳುವ ಮೇಷ್ಟ್ರು ಮೇಲು ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಕೋಲಿನ ನೆರಳನ್ನು ನೋಡಿಸಿ ಮಿರ್ಜಾಪುರದ ಮಾತು ಎತ್ತದೆ ಮಕ್ಕಳನ್ನು ಒಳಗೆ ಕಳಿಸಿದರೆ ಅವರಿಗೆ ಉಳಿಯುವುದು ಬಿಸಿಲಿನ ನೆನಪು ಮಾತ್ರ.

ಇದನ್ನು ಸರ್ಕಾರಿ ಶಾಲೆಗಳಲ್ಲಿ, ಬಡ ಸೌಕರ್ಯಗಳ ನಡುವೆ, ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ನಮ್ಮ ದೇಶದಲ್ಲಿಯೇ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಿಂದ ಹೊರಟ ವಿಜ್ಞಾನ ಬೋಧನಾ ಕಾರ್ಯಕ್ರಮ 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಬೇರೆ ಜಿಲ್ಲೆಗಳಿಗೂ ಒಯ್ದಿತು. ಆರರಿಂದ ಎಂಟನೇ ತರಗತಿಯ ‘ಬಾಲ ವೈಜ್ಞಾನಿಕ’ ಪಠ್ಯಪುಸ್ತಕಗಳಲ್ಲಿ ಉತ್ತರಗಳಿರಲಿಲ್ಲ, ಮಾಡಿ ನೋಡಬೇಕಾದ ಕೆಲಸಗಳೂ ಪ್ರಶ್ನೆಗಳೂ ಇದ್ದವು. ಮಕ್ಕಳು ತಮಗೆ ತೋಚಿದ ಪ್ರಶ್ನೆಗಳನ್ನು ಸವಾಲಿರಾಮ್ ಎಂಬ ಕಲ್ಪಿತ ವ್ಯಕ್ತಿಗೆ ಪತ್ರದಲ್ಲಿ ಬರೆದು ಕಳಿಸುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಪರೀಕ್ಷೆಯನ್ನೇ ಬದಲಿಸಿದರು. ಎಂಟನೇ ತರಗತಿಯ ಪರೀಕ್ಷೆಗೆ ಪುಸ್ತಕ ತೆಗೆದುಕೊಂಡು ಹೋಗಬಹುದಿತ್ತು, ಜೊತೆಗೆ ಪ್ರಯೋಗ ಪರೀಕ್ಷೆಯೂ ಇತ್ತು. ಬಾಯಿಪಾಠಕ್ಕೆ ಬೆಲೆಯೇ ಇಲ್ಲವಾದಾಗ ಬಾಯಿಪಾಠ ತಾನಾಗಿ ನಿಂತಿತು. ಮೂವತ್ತು ವರ್ಷ ನಡೆದ ಆ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು. ಉಳಿದ ರಾಜ್ಯಕ್ಕೆಲ್ಲ ಒಂದು ಪಠ್ಯ, ಇಲ್ಲಿಗೆ ಮಾತ್ರ ಬೇರೊಂದು ಯಾಕೆ ಎಂಬ ಪ್ರಶ್ನೆಗೆ ಆಡಳಿತದ ಬಳಿ ತಾಳ್ಮೆಯ ಉತ್ತರ ಇರಲಿಲ್ಲ. ವಿಧಾನ ಸೋತಿತೆಂದು ಇದರಿಂದ ಹೇಳಲಾಗದು. ಪರೀಕ್ಷೆ, ತರಬೇತಿ, ಕಿಟ್ಟಿನ ಮರುಪೂರಣ ಇವುಗಳಿಗೆ ವ್ಯವಸ್ಥೆಯ ಆಸರೆ ತಪ್ಪಿದರೆ ಎಂಥ ವಿಧಾನವೂ ಬಾಳದು ಎನ್ನಬಹುದು.

ಕನ್ನಡದ ಪರಂಪರೆ ಸ್ವಲ್ಪ ಬೇರೆ. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ತಂದವರು, ಆಮೇಲೆ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಹಳ್ಳಿಯ ಶಾಲೆಗಳವರೆಗೆ ಹೋಯಿತು. ವಿಜ್ಞಾನವನ್ನು ತಿಳಿಯಾಗಿ ಹೇಳುವುದರಲ್ಲಿ ಕನ್ನಡ ಯಾರಿಗೂ ಕಡಿಮೆಯಿಲ್ಲ. ಕೇಳಿಸುವುದರಲ್ಲಿ, ಅಂದರೆ ಓದುವ ಮಗುವಿನಿಂದಲೇ ಪ್ರಶ್ನೆ ಎಬ್ಬಿಸುವುದರಲ್ಲಿ, ನಾವು ಅಷ್ಟು ಮುಂದೆ ಹೋಗಲಿಲ್ಲ ಎಂದು ನನ್ನ ಎಣಿಕೆ. ಆ ದಾರಿಯಲ್ಲಿ ನಡೆದವರು ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಅವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದರು. ಪವಾಡ ಸುಳ್ಳು ಎಂದು ಭಾಷಣ ಮಾಡುವುದು ಸುಲಭವಿತ್ತು. ಅವರು ಕೇಳಿದ್ದು ನಮ್ಮೆದುರು ಮಾಡಿ ತೋರಿಸಿ, ಪರೀಕ್ಷೆಗೆ ಒಪ್ಪಿಕೊಳ್ಳಿ ಎಂದು. ನಂಬಿಕೆಯನ್ನು ಊಹೆಯಂತೆ ಎದುರಿಗಿಟ್ಟು ತಾಳೆ ನೋಡುವ ಆ ಮನೋಭಾವವೇ ತರಗತಿಗೂ ಬೇಕಾದದ್ದು. ಅದೇ 1976ರ ಸಂವಿಧಾನ ತಿದ್ದುಪಡಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ನಾಗರಿಕನ ಮೂಲಭೂತ ಕರ್ತವ್ಯವಾಗಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಚಟುವಟಿಕೆ, ಅನ್ವೇಷಣೆ, ಶೋಧನೆಗಳ ಮೂಲಕ ಕಲಿಕೆ ನಡೆಯಬೇಕೆಂದು ಹೇಳುತ್ತದೆ. ಎಂದರೆ, ಮೇಷ್ಟ್ರು ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು ನೆರಳು ಅಳೆಸಿದರೆ ಅದು ಪಾಠ ತಪ್ಪಿಸಿದಂತಲ್ಲ, ಕಾನೂನು ಪಾಲಿಸಿದಂತೆ. ಇದನ್ನು ತಪಾಸಣೆಗೆ ಬರುವವರಿಗೂ ಯಾರಾದರೂ ತಿಳಿಸಬೇಕು.

ಶಿಕ್ಷಕರ ಕೋಣೆಯಲ್ಲಿ ಕೇಳಿಬರುವ ಆಕ್ಷೇಪಗಳಲ್ಲಿ ಮೊದಲನೆಯದೂ ಅತಿ ಗಟ್ಟಿಯಾದದ್ದೂ ಸಿಲಬಸ್ಸಿನದು. ಒಂದು ನೆರಳಿಗೆ ಎರಡು ಪೀರಿಯಡ್ ಕೊಟ್ಟರೆ ಪಾಠ ಮುಗಿಯುವುದು ಯಾವಾಗ, ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಬರುವುದು ಹೇಗೆ? ದಾವಣಗೆರೆಯಂಥ ಊರಿನಲ್ಲಿ, ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ನೆರಳಿನಲ್ಲೇ ಮಕ್ಕಳನ್ನು ಬೆಳೆಸುವ ಊರಿನಲ್ಲಿ, ಇದು ಪೋಷಕರ ಪ್ರಶ್ನೆಯೂ ಹೌದು. ಇದಕ್ಕೆ ಎರಡು ಭಾಗದ ಉತ್ತರವಿದೆ. ಎಲ್ಲ ಪಾಠಗಳನ್ನೂ ಹೀಗೆ ಕಲಿಸಬೇಕಿಲ್ಲ, ಕಲಿಸಲೂಬಾರದು. ಧಾತುಗಳ ಸಂಕೇತ, ಅಂಗಗಳ ಹೆಸರು, ಅಳತೆಯ ಏಕಮಾನ ಇವುಗಳಲ್ಲಿ ಅನ್ವೇಷಿಸುವುದೇನೂ ಇಲ್ಲ, ಹೇಳಿ ಮುಗಿಸುವುದೇ ಸರಿ. ಮಕ್ಕಳು ತಪ್ಪು ಊಹೆಯನ್ನು ಮನೆಯಿಂದಲೇ ತರುವ ಜಾಗಗಳು ಮಾತ್ರ ಬೇರೆ: ಋತು, ಬಲ ಮತ್ತು ಚಲನೆ, ಶಾಖ ಮತ್ತು ತಾಪ, ಗಿಡದ ಆಹಾರ, ವಿದ್ಯುತ್ ಮಂಡಲ, ತೇಲುವುದು, ಮುಳುಗುವುದು. ಒಂದು ವರ್ಷದ ಪಠ್ಯದಲ್ಲಿ ಇಂಥವು ಹತ್ತಕ್ಕಿಂತ ಹೆಚ್ಚಿರಲಾರವು. ಎರಡನೆಯದಾಗಿ, ಬಾಯಿಪಾಠ ಅಂಕವನ್ನಾದರೂ ಕೊಡುತ್ತದೆ ಎಂಬ ಭರವಸೆ ಎಷ್ಟು ಗಟ್ಟಿ? 2023ರಲ್ಲಿ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ನಡೆದ 2024ರ ಪರೀಕ್ಷೆಯಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು. ಸಿಲಬಸ್ ಮುಗಿದಿತ್ತು, ಎಲ್ಲೆಡೆ ಮುಗಿದಿತ್ತು. ಮುಗಿದದ್ದು ಮಕ್ಕಳ ತಲೆಯಲ್ಲಿ ಎಷ್ಟು ಉಳಿದಿತ್ತು ಎಂಬುದನ್ನು ಕ್ಯಾಮೆರಾ ತೋರಿಸಿಕೊಟ್ಟಿತು.

ಎರಡನೆಯ ಆಕ್ಷೇಪ, ಅರವತ್ತು ಮಕ್ಕಳ ತರಗತಿ, ಬೀಗ ಹಾಕಿದ ಲ್ಯಾಬ್. ಇದು ಅರ್ಧ ನಿಜ. ಅರವತ್ತು ಮಕ್ಕಳಿಗೆ ಅರವತ್ತು ಉಪಕರಣ ಸಿಗುವುದಿಲ್ಲ, ಆದರೆ ಅರವತ್ತು ಊಹೆ ಪುಕ್ಕಟೆ ಸಿಗುತ್ತದೆ. ದಾವಣಗೆರೆಗೆ ಹೆಸರು ತಂದ ಎರಡು ತಿನಿಸುಗಳನ್ನೇ ತೆಗೆದುಕೊಳ್ಳಿ. ಮಂಡಕ್ಕಿ ಭಟ್ಟಿಯಲ್ಲಿ ಉಪ್ಪುನೀರು ಹಿಡಿದ ಅಕ್ಕಿ ಕಾದ ಮರಳಿಗೆ ಬಿದ್ದೊಡನೆ ಅರಳುತ್ತದೆ. ನೂರು ಗ್ರಾಂ ಅಕ್ಕಿ ಅರಳಿ ಮಂಡಕ್ಕಿಯಾದರೆ ಅದರ ತೂಕ ಎಷ್ಟು: ನೂರೇ, ನೂರಕ್ಕಿಂತ ಹೆಚ್ಚೇ, ಕಡಿಮೆಯೇ? ಮೂರು ಮೂಲೆಗೆ ಮೂರು ಗುಂಪು ನಿಲ್ಲಲಿ. ಬುಟ್ಟಿ ತುಂಬುವಷ್ಟಾದದ್ದರ ತೂಕ ಹೆಚ್ಚಿರಲೇಬೇಕು ಎನ್ನುವವರು ಕಡಿಮೆಯೇನೂ ಇರುವುದಿಲ್ಲ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿ ಸಾಕು, ತೂಕ ತುಸು ಇಳಿದಿರುತ್ತದೆ. ಇಳಿದದ್ದು ಎಲ್ಲಿ ಹೋಯಿತು ಎಂದು ಕೇಳಿದಲ್ಲಿಗೆ ಕಾಳಿನೊಳಗಿನ ತೇವ, ಅದು ಆವಿಯಾಗಿ ಹಿಗ್ಗಿದ ರಭಸ, ಬಾಣಲೆಯ ತಳ ಮಾತ್ರ ಕಾಯಿಸಿದರೆ ಮರಳು ಸುತ್ತಲಿಂದ ಕಾಯಿಸುತ್ತದೆ ಎಂಬ ಶಾಖದ ಪಾಠ ಎಲ್ಲವೂ ಸರದಿಯಲ್ಲಿ ಬರುತ್ತವೆ. ಇನ್ನು ಬೆಣ್ಣೆದೋಸೆಯ ಹಿಟ್ಟು. ಒಂದೇ ಹಿಟ್ಟನ್ನು ಮೂರು ಗಾಜಿನ ಲೋಟಗಳಿಗೆ ಸಮನಾಗಿ ಹಾಕಿ ಒಂದನ್ನು ಫ್ರಿಜ್ಜಿನಲ್ಲಿ, ಒಂದನ್ನು ನೆರಳಲ್ಲಿ, ಒಂದನ್ನು ಒಲೆಯ ಪಕ್ಕ ಇಟ್ಟರೆ ಬೆಳಿಗ್ಗೆ ಸ್ಕೇಲು ಹಿಡಿದು ಉಬ್ಬಿದ್ದನ್ನು ಅಳೆಯಬಹುದು. ಉತ್ಸಾಹದಲ್ಲಿ ಯಾರಾದರೂ ಒಲೆಯ ಪಕ್ಕದ ಲೋಟಕ್ಕೆ ಚಿಟಿಕೆ ಸಕ್ಕರೆಯನ್ನೂ ಸೇರಿಸುತ್ತಾರೆ. ಹೆಚ್ಚು ಉಬ್ಬಿದ್ದು ಬಿಸಿಗೋ ಸಕ್ಕರೆಗೋ? ಕ್ಲಾರ್ ಮತ್ತು ನಿಗಮ್ ಮಕ್ಕಳಿಗೆ ನೇರವಾಗಿ ಹೇಳಿಕೊಟ್ಟ ಪಾಠವನ್ನು ಮೇಷ್ಟ್ರು ಹೇಳಬೇಕಾದ ಗಳಿಗೆ ಇದೇ, ಅದಕ್ಕೆ ಮೊದಲೂ ಅಲ್ಲ, ಆಮೇಲೂ ಅಲ್ಲ. ಸಂಚಾರಿ ಪ್ರಯೋಗಾಲಯಗಳನ್ನು ಕರ್ನಾಟಕದ ಶಾಲೆಗಳಿಗೆ ಒಯ್ಯುವ ಅಗಸ್ತ್ಯ ಪ್ರತಿಷ್ಠಾನದಂಥ ಸಂಸ್ಥೆಗಳು 1999ರಿಂದ ಮಾಡುತ್ತಿರುವ ಕೆಲಸ ದೊಡ್ಡದು, ಆದರೆ ವ್ಯಾನು ಬಂದು ಹೋದ ಮೇಲಿನ ದಿನಗಳೇ ಶಾಲೆಯಲ್ಲಿ ಹೆಚ್ಚು.

ಬಾಯಿಬಿಟ್ಟು ಹೇಳದ ಮೂರನೆಯ ಆಕ್ಷೇಪವೊಂದಿದೆ, ಅದು ಭಯ. ಮಗು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ? ಪಿಸಿಎಂ ಓದಿದ ಮೇಷ್ಟ್ರು ಜೀವಕೋಶದ ಪಾಠಕ್ಕೆ, ಸಿಬಿಝಡ್ ಓದಿದ ಮೇಡಂ ಬೆಳಕಿನ ಪಾಠಕ್ಕೆ ನಿಲ್ಲಬೇಕಾಗಿ ಬರುವ ಶಾಲೆಗಳಲ್ಲಿ ಈ ಭಯ ಸಕಾರಣ. ನೆರಳಿನ ಪಾಠವೇ ಇಂಥ ಇಕ್ಕಟ್ಟಿಗೆ ತಂದು ನಿಲ್ಲಿಸುತ್ತದೆ. ಸೂರ್ಯ ನೆತ್ತಿಗೆ ಹತ್ತಿರ ಬಂದಷ್ಟೂ ಬಿಸಿಲು ಹೆಚ್ಚು, ಆದ್ದರಿಂದ ಬೇಸಿಗೆ ಎಂದು ಮೇಷ್ಟ್ರು ವಿವರಿಸುತ್ತಾರೆ. ತಾನೇ ಅಳೆದ ಅಂಕಿಗಳ ಪಟ್ಟಿ ಕೈಯಲ್ಲಿರುವ ಹುಡುಗಿಯೊಬ್ಬಳು ಕೇಳಬಹುದು: ‘ಸಾರ್, ಏಪ್ರಿಲ್ ಮೊದಲ ವಾರವೂ ನೆರಳು ಹದಿನಾರು ಸೆಂಟಿಮೀಟರ್ ಇತ್ತು, ಜೂನ್ 21ಕ್ಕೂ ಅಷ್ಟೇ ಇದೆ, ದಿಕ್ಕು ಮಾತ್ರ ಬೇರೆ. ಏಪ್ರಿಲ್‌ನಲ್ಲಿ ಅಷ್ಟು ಸೆಕೆ, ಜೂನ್‌ನಲ್ಲಿ ಯಾಕಿಲ್ಲ?’ ಇದು ಪಠ್ಯಪುಸ್ತಕಕ್ಕೆ ಹೊಳೆಯದ ಪ್ರಶ್ನೆ. ಜೂನ್ ಜುಲೈಯೇ ಬೇಸಿಗೆಯಾದ ಯುರೋಪಿನ ಆಕಾಶದಿಂದ ಬಂದ ವಿವರಣೆ ಮುಂಗಾರಿನ ನಾಡಿನಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಇಲ್ಲಿ ಮೋಡ, ಮಳೆ, ತೇವಗೊಂಡ ನೆಲ ಸೂರ್ಯನ ಲೆಕ್ಕವನ್ನು ತಿದ್ದುತ್ತವೆ. ಆ ಕ್ಷಣದಲ್ಲಿ ‘ಸುಮ್ಮನೆ ಕೂತ್ಕೊ’ ಎನ್ನುವ ಮೇಷ್ಟ್ರಿಗೂ, ‘ಹೌದಲ್ಲಮ್ಮ, ಮೋಡ ಇದ್ದ ದಿನ ಇಲ್ಲದ ದಿನದ ತಾಪ ಬರೆದಿಡೋಣ’ ಎನ್ನುವ ಮೇಷ್ಟ್ರಿಗೂ ಪದವಿಯಲ್ಲಿ ವ್ಯತ್ಯಾಸವಿರುವುದಿಲ್ಲ. ಎರಡನೆಯವರಿಗೆ ತಿಂಗಳಿಗೊಮ್ಮೆ ಇತರ ಮೇಷ್ಟ್ರುಗಳ ಜೊತೆ ಕೂತು ಇಂಥ ಪ್ರಶ್ನೆಗಳನ್ನು ಬಿಡಿಸುವ ಅವಕಾಶ ಇದ್ದಿರಬಹುದು, ಅಷ್ಟೇ. ಕ್ಲಸ್ಟರ್ ಮಟ್ಟದ ಸಭೆಗಳು ಇರುವುದೇ ಅದಕ್ಕೆ. ಅಲ್ಲಿ ಅಂಕಿಅಂಶಗಳ ನಮೂನೆ ತುಂಬಿಸುವ ಬದಲು ಒಂದು ಕೋಲು ನೆಟ್ಟರೆ ಸಾಕಿತ್ತು.

ಕೊನೆಗೆ ಎಲ್ಲವೂ ಪ್ರಶ್ನೆಪತ್ರಿಕೆಯ ಬಾಗಿಲಿಗೇ ಬಂದು ನಿಲ್ಲುತ್ತದೆ ಎಂಬುದನ್ನು ಹೋಶಂಗಾಬಾದಿನವರು ಐವತ್ತು ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ನಮ್ಮಲ್ಲಿ ವಿಜ್ಞಾನಕ್ಕೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ. ಆ 20 ಅಂಕಗಳು ಹೇಗೆ ಹಂಚಿಹೋಗುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಚಾರ, ಹೆಚ್ಚು ಹೇಳಬೇಕಿಲ್ಲ. ಎಂಬತ್ತನ್ನು ಮುಟ್ಟಲು ಬೆಂಗಳೂರಿನ ಅಪ್ಪಣೆ ಬೇಕು. ಇಪ್ಪತ್ತು ಶಾಲೆಯ ಕೈಯಲ್ಲಿಯೇ ಇದೆ. ಅದರಲ್ಲಿ ಏನು ಮಾಡಬಹುದು ಎಂಬುದಕ್ಕೆ ಒಂದು ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಹರಿಹರದಲ್ಲಿ ನಿಂತರೆ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ನಾರು ತೆಗೆಯುವ ಕಾರ್ಖಾನೆಯಿದೆ. ಈಚೆ ದಾವಣಗೆರೆ ಹತ್ತಿಯ ಗಿರಣಿಗಳಿಂದಲೇ ಬೆಳೆದ ಊರು. ಕೃತಕ ನಾರುಗಳ ಪಾಠದಲ್ಲಿ ‘ರೇಯಾನ್ ಎಂದರೇನು?’ ಎಂಬ ಎರಡು ಅಂಕದ ಪ್ರಶ್ನೆಗೆ ಗೈಡಿನಲ್ಲಿ ಎರಡು ಸಾಲಿನ ಉತ್ತರವಿದೆ. ಅದರ ಬದಲು ಮೂರು ಎಳೆ ದಾರವನ್ನು ಮೇಜಿನ ಮೇಲಿಡಬಹುದು, ಒಂದು ಹತ್ತಿಯದು, ಒಂದು ರೇಯಾನಿನದು, ಒಂದು ಪಾಲಿಯೆಸ್ಟರಿನದು. ರೇಯಾನ್ ರೇಷ್ಮೆಯಂತೆ ಮಿನುಗುತ್ತದೆ, ಪಾಲಿಯೆಸ್ಟರಿನ ಜೋಡಿಯಂತೆ ಕಾಣುತ್ತದೆ. ಚಿಮುಟದಲ್ಲಿ ಹಿಡಿದು ದೀಪಕ್ಕೆ ತಾಗಿಸಿದರೆ ಒಂದು ಕರಗಿ ಗಟ್ಟಿ ಮಣಿಯಾಗುತ್ತದೆ. ಉಳಿದೆರಡೂ ಕಾಗದದಂತೆ ಉರಿದು ಬೂದಿಯಾಗುತ್ತವೆ, ವಾಸನೆಯೂ ಕಾಗದದ್ದೇ. ಉರಿಸುವ ಮುನ್ನ ಬರೆಯಬೇಕಾದ ಪ್ರಶ್ನೆಗೆ ಎರಡು ಅಂಕ: ಯಾವೆರಡು ಒಂದೇ ಬಗೆಯಲ್ಲಿ ಉರಿಯುತ್ತವೆ, ಯಾಕೆ ಹಾಗನ್ನಿಸುತ್ತದೆ? ಉರಿಸಿದ ಮೇಲಿನ ಪ್ರಶ್ನೆಗೆ ಮೂರು ಅಂಕ: ನಿಮ್ಮ ಊಹೆ ತಪ್ಪಾಗಿದ್ದರೆ, ಮಿನುಗುವ ಈ ದಾರಕ್ಕೂ ಹತ್ತಿಗೂ ಏನು ನಂಟಿರಬಹುದು? ಮೊದಲ ಉತ್ತರ ತಪ್ಪಾದದ್ದಕ್ಕೆ ಅಂಕ ಕಳೆಯುವ ಹಾಗಿಲ್ಲ.